ಮೊಳೆಯಕ್ಕ ಬುಟ್ಟಿ ಇಳಿಸಿದಳು

ದುಡಿಮೆಗೊಂದು ಮಿತಿ ಬೇಕೆಂದು ಬೀದಿಯಲ್ಲಿ ಗಂಟಲು ಹರಿದುಕೊಂಡವರು ನಾವು. ಈಕೆ ಸದ್ದಿಲ್ಲದೆ ಗೋಡೆಗೆ ಮೊಳೆ ಹೊಡೆದಳು. ಸಾಫ್ಟ್‌ವೇರ್ ಮಾಡುವ ಸಣ್ಣ ಆಫೀಸೊಂದರಲ್ಲಿ ತಂಡದ ಮುಖ್ಯಸ್ಥೆ. ಎಲ್ಲರ ಬಾಯಲ್ಲಿ ಮೊಳೆಯಕ್ಕ.

ಅಲ್ಲಿ ಒಂದೊಂದು ಕೆಲಸಕ್ಕೂ ಒಂದು ರಟ್ಟಿನ ಚೀಟಿ. ಕೈಗೆತ್ತಿಕೊಂಡವರು ಅದನ್ನು ಮೊಳೆಗೆ ನೇತುಹಾಕಬೇಕು. ಇರುವುದು ಮೂರೇ ಮೊಳೆ. ಒಂದು ಇಳಿಯದೆ ಇನ್ನೊಂದು ಏರುವಂತಿಲ್ಲ, ಧಣಿ ಬಂದು ಬೊಬ್ಬೆ ಹೊಡೆದರೂ ಅಷ್ಟೇ. ಮನೆಯಲ್ಲೂ ಅದೇ ಚಾಳಿ. ಗಂಡ ಎರಡು ನಲ್ಲಿ ಒಟ್ಟಿಗೆ ಬಿಚ್ಚಿಕೊಂಡು ರಿಪೇರಿಗೆ ಕೂತರೆ, "ಮೊದಲು ಒಂದನ್ನ ಮುಚ್ಚು ಮಹಾರಾಯ, ಮನೆ ಕೆರೆ ಆಗುತ್ತೆ" ಎನ್ನುವಳು.

ಪ್ರೋಗ್ರಾಂ ಬರೆದು ಮುಗಿದ ಕೆಲಸದ ಚೀಟಿ ಪಕ್ಕದಲ್ಲಿ ತೂಗುವ ಬುಟ್ಟಿಗೆ ಬೀಳುತ್ತಿತ್ತು. ಆ ಕೆಲಸದಲ್ಲಿ ತಪ್ಪು ಹುಡುಕುವವಳು ಒಬ್ಬಳೇ ಪರೀಕ್ಷಕಿ. ಮೊಳೆ ಬೇಗ ಖಾಲಿಯಾಗಲೆಂದು ಬರೆಯುವವರು ಅರೆಬೆಂದದ್ದನ್ನೂ ಬುಟ್ಟಿಗೆ ಒಗೆಯತೊಡಗಿದರು.

ಒಂದು ಮಧ್ಯಾಹ್ನ ಪರೀಕ್ಷಕಿ ಎದುರು ಬಂದು ನಿಂತಳು. "ಅಕ್ಕಾ, ಈ ತಿಂಗಳಿಗೆ ನಂದು ಮುಗೀತು. ಬೇರೆ ಕಡೆ ನೋಡ್ಕೋತೀನಿ."

"ಯಾಕೇ? ಯಾರೇನಂದ್ರು?"

"ಅನ್ನೋದೇನು, ಎಸೀತಾರೆ ಅಷ್ಟೇ. ನಿಮ್ಮ ಮೊಳೆ ಅವರ ಬೆನ್ನು ಕಾಯ್ತು, ನನ್ನ ಬೆನ್ನು ಮುರೀತು. ಬುಟ್ಟಿ ನೋಡಿ, ಇನ್ನು ಕಾಲಲ್ಲಿ ತುಳಿದು ತುಂಬಬೇಕು."

ಅಕ್ಕ ನೋಡಿದಳು. ಎಲ್ಲದಕ್ಕೂ ಮಿತಿ ಹಾಕಿದವಳು ಬುಟ್ಟಿಗೆ ಮಾತ್ರ ಹಾಕಿರಲಿಲ್ಲ.

"ತಪ್ಪು ನಂದೇ ಕಣೇ," ಎಂದವಳೇ ಸುತ್ತಿಗೆ ತಂದು, ಬುಟ್ಟಿ ಇಳಿಸಿ, ಆ ಜಾಗದಲ್ಲಿ ಎರಡು ಮೊಳೆ ಹೊಡೆದಳು. ಚೀಟಿಗಳನ್ನೆಲ್ಲ ಮೇಜಿಗೆ ಸುರಿದು ಹೇಳಿದಳು: "ಇದು ಕರಗೋವರೆಗೂ ಯಾರೂ ಹೊಸದು ಮುಟ್ಟಂಗಿಲ್ಲ. ಮುಂದಕ್ಕೂ ಈ ಎರಡು ತುಂಬಿದ್ರೆ ಬರೆಯೋದು ನಿಲ್ಲಬೇಕು."

"ಆಗ ನಾವೇನು ನೊಣ ಹೊಡೀತಾ ಕೂರೋದಾ?" ಎಂದ ಬಿರುಗಾಳಿ. ಬರೆಯುವಾಗ ಕೈ ಓಡುವ ವೇಗಕ್ಕೆ ಸಿಕ್ಕ ಹೆಸರದು.

"ಅವಳ ಪಕ್ಕ ಕೂತು ತಪ್ಪು ಹುಡುಕು."

ಗದ್ದಲ ಕೇಳಿ ಧಣಿ ಹೊರಬಂದ. "ಬರೆಯೋರನ್ನ ಸುಮ್ನೆ ಕೂರಿಸೋಕೆ ನಾನೇನು ಧರ್ಮಕ್ಕೆ ಆಫೀಸು ತೆಗೆದಿದೀನಾ?"

"ಬುಟ್ಟೀಲಿ ಕೊಳೀತಿದ್ದ ಕೆಲಸ ಯಾವ ಗಿರಾಕಿಗೆ ತಲುಪಿತ್ತು ಸಾರ್? ಇವಳು ಹೋದ್ರೆ ಮೇಜಿನ ಮೇಲಿರೋದೂ ಹೊರಡಲ್ಲ."

ಧಣಿ ಗೊಣಗುತ್ತ ಒಳಗೆ ಹೋದ. ಬೇಡವೆನ್ನಲಿಲ್ಲ, ಅದೇ ಒಪ್ಪಿಗೆ.

ಬಿರುಗಾಳಿ ಮುಖ ಊದಿಸಿಕೊಂಡು ಪರೀಕ್ಷಕಿಯ ಪಕ್ಕ ಕೂತು ಮೊದಲ ಚೀಟಿ ಎತ್ತಿದ. ಎರಡು ಗುಂಡಿ ಒತ್ತುವಷ್ಟರಲ್ಲಿ ಪರದೆ ಮರಗಟ್ಟಿತು.

"ಥೂ, ಯಾವ ಕತ್ತೆ ಬರೆದಿದ್ದು ಇದನ್ನ?"

"ಚೀಟೀಲಿ ಹೆಸರಿದೆ ನೋಡಣ್ಣ."

ನೋಡಿದ. ಅವನದೇ. ಎಲ್ಲರೂ ನಕ್ಕರು, ಅವನು ನಗಲಿಲ್ಲ, ತಿದ್ದಲು ಕೂತ.

ಮೇಜು ಖಾಲಿಯಾಗಲು ವಾರಗಳೇ ಹಿಡಿದವು. ತಿಂಗಳ ಕೊನೆಗೆ ಪರೀಕ್ಷಕಿ ಅಕ್ಕನಿಗೆ ಹೇಳಿದ್ದಿಷ್ಟು: "ಇರ್ತೀನಿ. ಆದ್ರೆ ಈ ಬರೆಯೋರು ನನ್ನ ಪಕ್ಕದಿಂದ ಎದ್ದ ದಿನ ನಾನೂ ಎದ್ದೆ."