ಇನ್ನು ಮೂರು ದಿನ ಕೊಡಿ

ವರ್ನಾ ಹುದಾಕ್ ದಾದಿ ಕೆಲಸ ಕಲಿತದ್ದು ರೋಗಿಗಳ ನಾಡಿ ಹಿಡಿಯಲಿಕ್ಕೆ. ಹನ್ನೊಂದು ವರ್ಷದಿಂದ ಹಿಡಿದು ಕೂತದ್ದು ಮಾತ್ರ ಫೋನು. ಪೆನ್ಸಿಲ್ವೇನಿಯಾದಲ್ಲಿ ಉಕ್ಕಿನ ಕಾರ್ಖಾನೆ ಮುಚ್ಚಿದ ಒಂದು ಊರು, ಅಲ್ಲೊಂದು ಚಟ ಬಿಡಿಸುವ ಆಸ್ಪತ್ರೆ. ಒಳಗೆ ಮಲಗಿದ ಒಬ್ಬೊಬ್ಬರ ಪರವಾಗಿಯೂ ಮೂರು ದಿನಕ್ಕೊಮ್ಮೆ ವಿಮಾ ಕಂಪನಿಗೆ ಫೋನ್ ಮಾಡಿ, "ಇವನಿಗಿನ್ನೂ ಗುಣವಾಗಿಲ್ಲ, ಇನ್ನು ಮೂರು ದಿನ ಕೊಡಿ" ಎಂದು ಬೇಡುವುದೇ ಅವಳ ಉದ್ಯೋಗ. ಆ ಕಡೆಯವರು ಕಾಯಿಸುತ್ತ ಹಾಕಿಟ್ಟ ಸಂಗೀತ ಕೇಳಿ ಕೇಳಿ ಎಡಗಿವಿ ಮಂದವಾಗಿತ್ತು.

ದೇಹದ ಕಾಯಿಲೆಗೂ ಮನಸ್ಸಿನ ಕಾಯಿಲೆಗೂ ಚಟಕ್ಕೂ ಒಂದೇ ತಕ್ಕಡಿ ಎನ್ನುತ್ತದೆ ಕಾನೂನು. ಎನ್ನಲಿ! ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ವರ್ನಾಳ ಗಂಡನ ಎದೆ ಕೊಯ್ದಾಗ ಅದೇ ಕಂಪನಿ ತುಟಿಪಿಟಕ್ಕೆನ್ನದೆ ಎಲ್ಲ ಮಂಜೂರು ಮಾಡಿತ್ತು. "ಹೃದಯ ಸುಧಾರಿಸಿತಲ್ಲ, ಮನೆಗೆ ಕಳಿಸಿ" ಎಂದು ಮೂರನೇ ದಿನ ಯಾರೂ ಅನ್ನಲಿಲ್ಲ. ಅದನ್ನು ನೆನೆದರೆ ಅವಳಿಗೆ ಈಗಲೂ ಮೈ ಉರಿಯುತ್ತದೆ.

ಡಸ್ಟಿನ್ ಛಾವಣಿ ಹೊದಿಸುವವನು. ಬಿದ್ದು ಸೊಂಟ ಮುರಿದುಕೊಂಡ. ನೋವಿನ ಮಾತ್ರೆಯ ಚಟ ಹಿಡಿಯಿತು, ಅಲ್ಲಿಂದ ಹೆರಾಯಿನ್. ಆಸ್ಪತ್ರೆಗೆ ಸೇರಿದ ಹನ್ನೊಂದನೇ ದಿನ ಹೊಟ್ಟೆ ತುಂಬ ಆಲೂಗಡ್ಡೆ ಕಡುಬು ತಿಂದು, ತಟ್ಟೆ ತೊಳೆಯುತ್ತ ಹಾಡಿದ. ಹೊಸದಾಗಿ ಸೇರಿದ ಆಪ್ತಸಲಹೆಗಾರ್ತಿ ಗ್ಲೆನ್ನಾ, ಪಾಪ, ಒಳ್ಳೆಯ ಹೆಂಗಸು, ಅದನ್ನೆಲ್ಲ ಅವನ ಫೈಲಿನಲ್ಲಿ ಬರೆದಳು: "ಮುಖಕ್ಕೆ ಕಳೆ ಬಂದಿದೆ. ಮನೆಗೆ ಹೋಗಲು ಸಿದ್ಧನಂತೆ ಕಾಣುತ್ತಾನೆ."

ಓದಿದ ವರ್ನಾ ಹಣೆ ಚಚ್ಚಿಕೊಂಡಳು. "ಅಯ್ಯೋ, ಏನ್ ಬರ್ದಿದೀಯ ಮಾರಾಯ್ತಿ! ಇಲ್ಲಿ ಯಾರೂ ಹಾಡಬಾರ್ದು ಕಣೇ."

"ಒಳ್ಳೇದು ಬರೆದ್ರೆ ತಪ್ಪಾ?"

"ಸುಧಾರಿಸ್ದ ಅಂದ್ರೆ ಹಾಸಿಗೆ ಹೋಯ್ತು. ಸುಧಾರಿಸ್ಲಿಲ್ಲ ಅಂದ್ರೆ, ಚಿಕಿತ್ಸೆ ನಾಟ್ತಿಲ್ಲ ಅಂತ ಹಾಸಿಗೆ ಹೋಯ್ತು. ಮಧ್ಯೆ ಒಂದ್ ಸಣ್ಣ ಸಂದಿ ಇದೆ, ಅದ್ರಲ್ಲಿ ನುಸುಳ್ಬೇಕು."

ಬರೆದದ್ದನ್ನು ಅಳಿಸುವಂತಿಲ್ಲ, ಸುಳ್ಳು ಓದುವುದು ಅವಳ ಜಾಯಮಾನವಲ್ಲ. ಇದ್ದದ್ದನ್ನು ಇದ್ದ ಹಾಗೆಯೇ ಫೋನಿನಲ್ಲಿ ಓದಿದಳು. ಕಂಪನಿಯ ಡಾಕ್ಟರಿಗೆ ಖುಷಿಯೋ ಖುಷಿ. "ಶುಭ ಸುದ್ದಿ ಮೇಡಂ! ಇನ್ನು ಮನೆಯಿಂದ್ಲೇ ಬಂದು ಹೋಗ್ಲಿ."

"ಡಾಕ್ಟ್ರೇ, ಅವನ ಮನೆ ಮೆಟ್ಟಿಲ ಮೇಲೇ ಅದನ್ನ ಮಾರ್ತಾರೆ."

"ಮೇಲ್ಮನವಿ ಹಾಕ್ಕೊಳ್ಳಿ."

ಶುಕ್ರವಾರ ಡಸ್ಟಿನ್ ಬಟ್ಟೆ ಚೀಲ ಹಿಡಿದು ಅವಳ ಕೋಣೆಯ ಬಾಗಿಲಿಗೆ ಬಂದ. "ಮಿಸ್ ವರ್ನಾ, ಒಂದ್ ಮಾತು ಕೇಳ್ಲಾ? ನಾನು ಹೋಗಿ ಒಂದೇ ಒಂದ್ಸಲ ಹೆರಾಯಿನ್ ತಗೊಂಡು ವಾಪಸ್ ಬಂದ್ರೆ, ಮತ್ತೆ ಹಾಸಿಗೆ ಕೊಡ್ತಾರಾ?"

ಕೊಡುತ್ತಾರೆ. ಮರುಮಾತಿಲ್ಲದೆ ಕೊಡುತ್ತಾರೆ. ಎಷ್ಟೋ ಜನರಿಗೆ ಕೊಟ್ಟದ್ದನ್ನು ಅವಳೇ ಕಂಡಿದ್ದಳು.

"ಇಲ್ಲಪ್ಪ, ಕೊಡೋದೇ ಇಲ್ಲ. ಹುಚ್ಚು ಯೋಚ್ನೆ ಮಾಡ್ಬೇಡ, ಹೋಗು." ಕಂಪನಿಗೆ ಒಂದು ದಿನವೂ ಸುಳ್ಳು ಹೇಳದವಳು ಅವನಿಗೆ ಹೇಳಿದಳು. ಅವನು ಬದುಕಲಿ ಎಂದೇ ಹೇಳಿದಳು.

ಸೋಮವಾರ ಬೆಳಗ್ಗೆ ಅವನ ತಾಯಿ ಕಾರಿನಲ್ಲಿ ಹಾಕಿಕೊಂಡು ಬಂದಳು. ಸ್ನಾನದ ಮನೆಯಲ್ಲಿ ನೀಲಿಗಟ್ಟಿ ಬಿದ್ದಿದ್ದನಂತೆ. ಮೂಗಿಗೆ ಎರಡು ಸಲ ಅಮಲು ಇಳಿಸುವ ಔಷಧಿ ಹೊಡೆದ ಮೇಲೆ ಉಸಿರು ಬಂತಂತೆ. ವರ್ನಾ ಫೋನೆತ್ತಿದಳು. ನಾಲ್ಕೇ ನಿಮಿಷ, ಹದಿನಾಲ್ಕು ದಿನ ಮಂಜೂರಾಯಿತು.

ಅವನ ಹಾಸಿಗೆಯ ಬಳಿ ಹೋಗಿ ನಿಂತಳು. "ಸತ್ತೇ ಹೋಗ್ತಿದ್ದೆ ಕಣೋ, ದರಿದ್ರದವನೇ!" ಅಂದಳು.

"ಎಷ್ಟು ದಿನ ಕೊಟ್ರು?"

"ಹದಿನಾಲ್ಕು."

ಅವನು ಅವಳನ್ನೇ ನೋಡಿದ. ಮುಖದಲ್ಲಿ ಸಿಟ್ಟಿರಲಿಲ್ಲ.

"ಕೊಡ್ತಾರೆ ಅಂದಿದ್ರೆ ಚೂರೇ ಚೂರು ತಗೊಂಡು ಸೀದಾ ಬರ್ತಿದ್ದೆ, ಮಿಸ್ ವರ್ನಾ. ಕೊಡಲ್ಲ ಅಂದ್ರಲ್ಲ, ಇನ್ಯಾಕೆ ಅಂತ ಇದ್ದದ್ದೆಲ್ಲಾ ತಗೊಂಡ್ಬಿಟ್ಟೆ."