ಮೈದಾನವೇ ಹಾಡಿದ ಸಾಲು

ಪವಿತ್ರಾ, ಸುಳ್ಯದ ಕಾರ್ಯಕ್ರಮದಲ್ಲಿ ನೀನು ಹಾಡಿನ ಸಾಲು ಮರೆತಿರಲಿಲ್ಲ. ಅದು ನನಗೆ ಆವತ್ತೇ ಗೊತ್ತಿತ್ತು. ಗೊತ್ತಿದ್ದೂ, ನೀನು ಮರೆತೆ ಎಂದು ಊರಿಗೆಲ್ಲ ಸಾರಿದವನು ನಾನು.

ನಿಮ್ಮ ರಾಕ್ ಬ್ಯಾಂಡಿನ ಹುಚ್ಚು ನನಗೆ ಎಷ್ಟಿತ್ತೆಂದರೆ — ಪುತ್ತೂರು, ನೆಟ್ಟಣ, ಎಲ್ಲಿ ಹಾಡಿದರೂ ಹೋಗುತ್ತಿದ್ದೆ. ಸೌಂಡಿನವರನ್ನು ಕಾಡಿ ಬೇಡಿ ಮಿಕ್ಸರಿನಿಂದಲೇ ರೆಕಾರ್ಡಿಂಗ್ ತರುತ್ತಿದ್ದೆ. ಅಭಿಮಾನಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದೇ ಹಾಡಿನ ಎರಡು ಊರಿನ ರೆಕಾರ್ಡಿಂಗ್ ಹಾಕಿ, ಎಲ್ಲಿ ಗಿಟಾರು ಚೆನ್ನಾಗಿತ್ತು, ಎಲ್ಲಿ ನಿನ್ನ ಉಸಿರು ಸಾಲಲಿಲ್ಲ ಎಂದು ತೀರ್ಪು ಕೊಡುತ್ತಿದ್ದೆ. ಅದರ ಅಮಲು ತಲೆಗೇರಿತ್ತು.

ಪುತ್ತೂರಿನ ಹೋಟೆಲಿನಲ್ಲಿ ಒಮ್ಮೆ ಎಲ್ಲರೆದುರು ನೀನು ಕೇಳಿದೆ: “ಅಣ್ಣ, ನೀವು ಪದ್ಯ ಕೇಳುದಾ, ಪರೀಕ್ಷೆ ಪೇಪರ್ ತಿದ್ದುದಾ ಮಾರಾಯ್ರೆ?” ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಮೈಯೆಲ್ಲ ಉರಿಯಿತು. ಇಷ್ಟಕ್ಕೇ — ಇಷ್ಟೇ ಇಷ್ಟಕ್ಕೆ.

ಸುಳ್ಯದಲ್ಲಿ ನೀನು ಹಾಡಿನ ನಡುವೆ ಮೈಕಿನಿಂದ ಹಿಂದೆ ಸರಿದು, ಎರಡೂ ಕೈ ಎತ್ತಿ ಜನರಿಂದ ಹಾಡಿಸಿದೆ. ಇಡೀ ಮೈದಾನ ಹಾಡಿತು. ಆದರೆ ಮಿಕ್ಸರಿಗೆ ಸಿಗುವುದು ವೇದಿಕೆಯ ಮೈಕುಗಳ ಸದ್ದು ಮಾತ್ರ. ರೆಕಾರ್ಡಿಂಗಿನಲ್ಲಿ ಡ್ರಮ್ಸ್ ಇದೆ, ಗಿಟಾರು ಇದೆ, ಎರಡು ಸಾಲಿನಷ್ಟು ಹೊತ್ತು ನೀನಿಲ್ಲ. ಅದನ್ನು ಪುತ್ತೂರಿನದ್ದರ ಪಕ್ಕದಲ್ಲಿಟ್ಟು ಬರೆದೆ — “ಪುತ್ತೂರಿನಲ್ಲಿ ಹಾಡಿದಳು, ಸುಳ್ಯದಲ್ಲಿ ಮರೆತಳು. ತಯಾರಿ ಇಲ್ಲದವರಿಗೆ ವೇದಿಕೆ ಯಾಕೆ?”

ಆವತ್ತು ಮೈದಾನದಲ್ಲಿದ್ದ ಒಬ್ಬಿಬ್ಬರು ಹಾಗಲ್ಲ ಎಂದರು. ರೆಕಾರ್ಡಿಂಗ್ ಸುಳ್ಳು ಹೇಳುತ್ತದಾ ಎಂದು ಬಾಯಿ ಮುಚ್ಚಿಸಿದೆ. ಉಳಿದವರು — ಥೂ, ಕಿವಿಗಿಂತ ಬೆರಳೇ ಚುರುಕು ಅವರದು — ಬೆಂಕಿಗೆ ತುಪ್ಪ ಸುರಿದರು. ಕಡಬದ ಕಾರ್ಯಕ್ರಮದವರು ಪದ ಮರೆಯುವ ಹುಡುಗಿ ಬೇಡ ಎಂದರು. ನಿನ್ನ ಪಕ್ಕದಲ್ಲೇ ನಿಂತು ಬಾರಿಸಿದ, ಎಲ್ಲ ಕಂಡ ಬ್ಯಾಂಡಿನ ಹುಡುಗರು ಅವಕಾಶ ತಪ್ಪೀತೆಂದು ಬೇರೆ ಹಾಡುಗಾರನನ್ನು ತಂದರು. ಹೇಡಿಗಳು! ಆದರೆ ಕಡ್ಡಿ ಗೀರಿದವನು ನಾನು. ಅವರನ್ನು ಬೈಯಲು ನನಗೆ ಯಾವ ಬಾಯಿ...

ನೀನು ಫೋನ್ ಮಾಡಿದ್ದೆ. “ಅಣ್ಣ, ನೀವು ಎದುರಿಗೇ ಇದ್ರಲ್ಲ. ಜನ ಹಾಡಿದ್ದು ಕೇಳ್ಲಿಲ್ವಾ ನಿಮಗೆ?”

“ರೆಕಾರ್ಡಿಂಗಲ್ಲಿ ಎಂತ ಉಂಟೋ ಅದನ್ನೇ ಬರೆದದ್ದು,” ಎಂದೆ. ನೀನು ಮತ್ತೆ ಕೇಳಲಿಲ್ಲ. ಮತ್ತೆ ಯಾವ ವೇದಿಕೆಯನ್ನೂ ಹತ್ತಲಿಲ್ಲ. ಮೊನ್ನೆ ಆಲೆಟ್ಟಿಯ ಮದುವೆ ಮನೆಯಲ್ಲಿ ಯಾರೋ ಒಂದು ಹಾಡು ಹೇಳು ಎಂದು ಒತ್ತಾಯಿಸಿದಾಗ, “ನನಗೆ ಸಾಲು ನೆನಪಿರುದಿಲ್ಲ,” ಎಂದು ನೀನು ಎದ್ದುಹೋದೆ. ನಾನು ಪಕ್ಕದ ಸಾಲಿನಲ್ಲಿ ಊಟಕ್ಕೆ ಕುಳಿತಿದ್ದೆ.

ಇನ್ನೊಂದು ರೆಕಾರ್ಡಿಂಗ್ ಇದೆ — ಆವತ್ತು ನನ್ನ ಫೋನಿನಲ್ಲೇ ಮಾಡಿಕೊಂಡದ್ದು. ಅದರಲ್ಲಿ ಜನ ಹಾಡುವುದು ಪೂರ್ತಿ ಕೇಳುತ್ತದೆ. ಅಳಿಸಲೂ ಆಗಲಿಲ್ಲ, ಹೊರಗೆ ಹಾಕಲೂ ಆಗಲಿಲ್ಲ. ಫೋನು ನನ್ನ ಕೈಯಲ್ಲಿತ್ತಲ್ಲ, ಎಲ್ಲರಿಗಿಂತ ಜೋರಾಗಿ ಕೇಳುವುದು ನನ್ನದೇ ದನಿ. ನೀನು ಕೈ ಎತ್ತಿದ್ದೇ ತಡ, ಸಿಟ್ಟು ಸೆಡವು ಎಲ್ಲ ಮರೆತು, ಗಂಟಲು ಹರಿಯುವ ಹಾಗೆ...

ಇವತ್ತು ಅದನ್ನು ಗುಂಪಿಗೆ ಹಾಕಿದೆ. ಬೈಗುಳ ಬರುತ್ತಿವೆ, ಬರಲಿ. ಕೆಳಗೆ ಇಷ್ಟೇ ಬರೆದಿದ್ದೇನೆ: “ಪವಿತ್ರಾ ಮರೆತಿರಲಿಲ್ಲ. ಇದರಲ್ಲಿ ಅಪಸ್ವರದಲ್ಲಿ ಅರಚುತ್ತಿರುವವನು ನಾನು.”