ಅವ್ವನ ಹೊಟ್ಟಿನ ಒಲೆ

ನಮ್ಮವ್ವ ಕಮಲಮ್ಮನದು ಬಿಗಿ ಕೈ ಎಂದು ಹೊಳಲ್ಕೆರೆಗೆಲ್ಲ ಗೊತ್ತಿತ್ತು. ಸವೆದ ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸುವವಳು, ಅಪ್ಪನ ಹರಿದ ಪಂಚೆಯನ್ನು ಮೊದಲು ಟವೆಲ್ಲು, ಆಮೇಲೆ ಮಸಿಬಟ್ಟೆ ಮಾಡುವವಳು. ಸೀಮೆಎಣ್ಣೆಗೆ ಜನ ಕ್ಯೂ ನಿಲ್ಲುತ್ತಿದ್ದ ಎಪ್ಪತ್ನಾಲ್ಕರಲ್ಲಿ ನಮ್ಮ ಅಡುಗೆಯೆಲ್ಲ ಹೊಟ್ಟಿನ ಒಲೆಯಲ್ಲಿ. ತಗಡಿನ ಡಬ್ಬದ ಬುಡದ ತೂತಿಗೊಂದು ಕೋಲು, ನಡುವೆ ಬಾಟಲಿ ಇಟ್ಟು, ಸುತ್ತ ಮರದ ಹೊಟ್ಟು ಗಿಡಿದು, ಎರಡನ್ನೂ ಎಳೆದರೆ ಬೆಂಕಿಗೆ ದಾರಿ. ಸಾಮಿಲ್ಲಿನವರು ಹೊಟ್ಟನ್ನು ಪುಕ್ಕಟೆ ಕೊಡುತ್ತಿದ್ದರು. ಗೋಣಿಚೀಲ ಹೊತ್ತು ಬರುವ ಅವ್ವನನ್ನು ಕಂಡರೆ ನನಗೆ ನಾಚಿಕೆ.

ಅಷ್ಟರಲ್ಲಿ ಹೊಸದುರ್ಗದ ಮರುಳಸಿದ್ದಮ್ಮ ತಮ್ಮ ಮಗ ಮುರುಗಪ್ಪ ಮೇಷ್ಟ್ರಿಗೆ ನನ್ನನ್ನು ನೋಡಲು ಬರುವುದೆಂದಾಯಿತು. ಅಕ್ಕನ ಮದುವೆಯಲ್ಲೇ ಮೇಷ್ಟ್ರನ್ನು ಕಂಡಿದ್ದೆ, ಮನಸ್ಸಿಗೆ ಬಂದಿದ್ದರು. ಅವ್ವನ ಜಿಪುಣತನದಿಂದ ಈ ಸಂಬಂಧ ತಪ್ಪಿದರೆ ಗತಿಯೇನು?

"ಅವ್ವ, ಅದೊಂದಿನ ಕೈ ಬಿಚ್ಚವ್ವ," ಎಂದು ಬೇಡಿಕೊಂಡೆ.

ಅವ್ವ ಬಿಚ್ಚಿದಳು ನೋಡಿ! ಹೊಟ್ಟಿನ ಒಲೆಯನ್ನು ಹಿತ್ತಲಿಗೆ ದಬ್ಬಿ, ಪಕ್ಕದ ಮನೆಯ ಪಂಪ್ ಸ್ಟೌ ತಂದು ಭರ್ರೆಂದು ಹಚ್ಚಿದಳು. ಕೇಸರಿಬಾತಿನಲ್ಲಿ ತುಪ್ಪ ತೇಲಿತು.

ಮಗನೊಂದಿಗೆ ಬಂದ ಮರುಳಸಿದ್ದಮ್ಮ ತುಪ್ಪ ನೋಡಿದರು, ಸ್ಟೌವಿನ ಸದ್ದು ಕೇಳಿದರು, ಮುಖ ಗಂಟು ಹಾಕಿಕೊಂಡರು. "ನಿಮ್ ಕೈ ಭಾಳ ದೊಡ್ಡದು ಕಮಲಮ್ಮರೇ. ನಮ್ದು ಮೇಷ್ಟ್ರ ಸಂಬಳದ ಮನೆ. ಇಂಥ ಮನೆ ಹುಡುಗೀನ ಸಾಕಾಕೆ ನಮ್ ಕೈಲಿ ಆಗಲ್ಲ ಬಿಡ್ರಿ."

ಕೈ ಬಿಚ್ಚು ಎಂದವಳು ನಾನೇ. ಎಂಥ ಪೆದ್ದಿ ನಾನು! ನೋಡಲು ಬಂದವರ ಮುಂದೆ ಹೆಣ್ಣು ತಲೆ ತಗ್ಗಿಸಿರಬೇಕು ಎಂಬುದನ್ನೂ ಮರೆತು, ಮರುಳಸಿದ್ದಮ್ಮನ ಕೈ ಹಿಡಿದು ಹಿತ್ತಲಿಗೆ ಎಳೆದೊಯ್ದೆ. ಅಲ್ಲಿ ಹೊಟ್ಟಿನ ಒಲೆಯ ಮೇಲೆ ಬೇಳೆ ಬೇಯುತ್ತಿತ್ತು. ಬೇಳೆಗೂ ಸೀಮೆಎಣ್ಣೆ ಸುಡಲು ಅವ್ವನಿಗೆ ಮನಸ್ಸು ಬಂದಿರಲಿಲ್ಲ.

"ಸ್ಟೌ ಪಕ್ಕದ್ಮನೇದು ಕಣ್ರಿ. ನಮ್ದು ಇದೇ," ಎಂದೆ.

ಮರುಳಸಿದ್ದಮ್ಮನ ಮುಖ ಸಡಿಲಾಯಿತು. "ನಿಂಗೆ ಇದನ್ನ ತುಂಬಾಕೆ ಬರ್ತೈತೇನವ್ವ?"

"ಬರ್ತೈತೆ."

ಹಸಿ ಸುಳ್ಳು. ಚೆಲ್ಲುತ್ತೀಯ ಎಂದು ಅವ್ವ ಒಂದು ದಿನವೂ ನನಗೆ ಹೊಟ್ಟು ಮುಟ್ಟಗೊಟ್ಟಿರಲಿಲ್ಲ.

"ಎಲ್ಲಿ, ತುಂಬು ನೋಡಾಣ." ಸಂಜೆಗೆಂದು ಇಟ್ಟಿದ್ದ ಖಾಲಿ ಡಬ್ಬವನ್ನು ಅವರು ನನ್ನ ಮುಂದೆ ತಳ್ಳಿದರು.

ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿ ಕುಳಿತೆ. ಅವ್ವ ಮಾಡುವುದನ್ನು ನೆನೆದು ನೆನೆದು ಗಿಡಿದೆ. ಕೋಲು ಎಳೆಯಹೋದರೆ ಡಬ್ಬ ಓಲಾಡಿತು. ಬಾಗಿಲಲ್ಲಿ ನಿಂತಿದ್ದ ಮುರುಗಪ್ಪ ಬಂದು, ಬಿಳಿ ಷರಟಿನ ತೋಳು ಮಡಚಿ, ಎದುರಿಗೆ ಕುಕ್ಕರಗಾಲಲ್ಲಿ ಕುಳಿತು ಡಬ್ಬ ಹಿಡಿದರು.

"ತಿರುಗಿಸ್ಕಂತ ಎಳೀರಿ. ಅವಸರ ಮಾಡಿದ್ರೆ ಕುಸೀತೈತೆ," ಎಂದು ಪಿಸುಗುಟ್ಟಿದರು. ಅವರ ಮನೆಯಲ್ಲಿ ಒಲೆ ತುಂಬುವವರು ಅವರೇ ಎಂದು ಆಗ ಗೊತ್ತಾಯಿತು.

ಕೋಲು ಬಂತು. ಬಾಟಲಿಯೂ ಬಂತು. ಹೊಟ್ಟು ಕುಸಿಯಲಿಲ್ಲ.

ಮರುಳಸಿದ್ದಮ್ಮ ಬಗ್ಗಿ ಇಣುಕಿದರು. ಆಮೇಲೆ ಮಗನ ಮುಖ ನೋಡಿದರು, ನನ್ನ ಮುಖ ನೋಡಿ ನಕ್ಕುಬಿಟ್ಟರು.

"ಇಬ್ರೂ ಒಂದೇ ಡಬ್ಬ ಹಿಡ್ಕಂಡು ಕುಂತವ್ರೆ, ಇನ್ನೇನು ಕೇಳಾದು? ಕಮಲಮ್ಮರೇ, ಒಳ್ಳೆ ದಿನ ನೋಡಿಸ್ರಿ."

ನನಗೆ ಎದ್ದು ಕುಣಿಯಬೇಕು ಅನ್ನಿಸಿತು. ಆದರೆ ಡಬ್ಬವನ್ನು ಮೇಷ್ಟ್ರು ಇನ್ನೂ ಬಿಟ್ಟಿರಲಿಲ್ಲ, ನಾನೂ ಬಿಡಲಿಲ್ಲ.